ಹಿಂಬದಿ ಪೈಪಿನ ಇಂಜಿನ್, ನಾಲ್ಕು ರಬ್ಬರ್ ಬುಷ್

ಎರಡು ಇಂಜಿನ್‌ಗಳಲ್ಲಿ ಒಂದನ್ನು ಆರಿಸುವುದಷ್ಟೇ ನನಗೆ ವಹಿಸಿದ್ದ ಕೆಲಸ. ಎರಡೂ ಅಂಗೈಯಲ್ಲಿ ಹಿಡಿಸುವಂಥವು, ಎರಡೂ ಆರೂವರೆ ಸಿಸಿ. ಒಂದರ ಹೊಗೆ ಪಕ್ಕದಿಂದ ಹೊರಬರುತ್ತಿತ್ತು, ಅದಕ್ಕೊಂದು ಪುಟ್ಟ ಡಬ್ಬಿಯಂಥ ಸೈಲೆನ್ಸರ್. ಇನ್ನೊಂದರ ಹೊಗೆ ಹಿಂಬದಿಯಿಂದ ಹೊರಟು, ನಡುವೆ ಹೊಟ್ಟೆ ಉಬ್ಬಿದ ಉದ್ದನೆಯ ಪೈಪಿನೊಳಗೆ ಹೋಗುತ್ತಿತ್ತು. ಅದನ್ನು ಟ್ಯೂನ್ಡ್ ಪೈಪ್ ಅನ್ನುತ್ತಾರೆ. ನಾನು ಎರಡನೆಯದನ್ನು ಆರಿಸಿದೆ. ಅದು ಸರಿಯಾದ ಆಯ್ಕೆ. ಇವತ್ತು ಯಾರಾದರೂ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಆ ಆಯ್ಕೆಯ ದಾರಿಯಲ್ಲಿ ನನಗೆ ಕೆಲಸ ಕಲಿಸಿದ ಮನುಷ್ಯನ ಕೈಯಿಂದ ಆ ಕೆಲಸವೇ ಹೋಯಿತು. ಹೋಗಿದ್ದಕ್ಕೆ ಇಂಜಿನ್ ಕಾರಣವಿರಬಹುದು. ಹೋದ ರೀತಿಗೆ ಮಾತ್ರ ನಾನೇ ಕಾರಣ.

ತೊಂಬತ್ತರ ದಶಕದ ಕೊನೆಯ ಮಾತು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಮನೆಯೊಂದರ ಹಿತ್ತಲಿನ ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪ್ ಇತ್ತು. ರೇಡಿಯೋ ಕಂಟ್ರೋಲಿನಿಂದ ಹಾರುವ ಮಾದರಿ ವಿಮಾನಗಳನ್ನು ಮಾಡುತ್ತಿದ್ದೆವು. ಮಾಲೀಕರೇ ಅವನ್ನು ಹಾರಿಸುತ್ತಿದ್ದರು. ಸಾಮಾನ್ಯವಾಗಿ ಕಾಲೇಜುಗಳಿಗೆ, ಶೋಕಿಯವರಿಗೆ ಕೊಡುತ್ತಿದ್ದೆವು. ಈ ಸಲ ಬಂದಿದ್ದ ಗಿರಾಕಿ ಬೇರೆ ಥರದವರು. ಆಕಾಶದಲ್ಲಿ ಓಡುವ ವಸ್ತುವಿನ ಮೇಲೆ ಗುರಿ ಹಿಡಿಯುವುದನ್ನು ಕಲಿಸುವ ಒಂದು ತರಬೇತಿ ಕೇಂದ್ರ. ಅವರ ಷರತ್ತು ಒಂದೇ. ಬಯಲಿನಲ್ಲಿ ಇನ್ನೂರು ಮೀಟರ್ ಅಂತರದಲ್ಲಿ ಎರಡು ಕಂಬ ನೆಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ವಿಮಾನ ಮೂರು ಪಾಯಿಂಟ್ ಆರು ಸೆಕೆಂಡಿನೊಳಗೆ ದಾಟಬೇಕು. ಅಂದರೆ ಗಂಟೆಗೆ ಇನ್ನೂರು ಕಿಲೋಮೀಟರ್. ದಾಟಿದರೆ ಆರ್ಡರ್.

ಪಕ್ಕದ ಸೈಲೆನ್ಸರಿನ ಇಂಜಿನ್ ಹಾಕಿ ಹಾರಿಸಿದಾಗ ನಾಲ್ಕು ಪಾಯಿಂಟ್ ಮೂರಕ್ಕಿಂತ ಕೆಳಗೆ ಇಳಿಯಲಿಲ್ಲ. ಪ್ರೊಪೆಲ್ಲರ್ ಬದಲಾಯಿಸಿದೆವು, ರೆಕ್ಕೆಯ ಅಂಚು ತೀಡಿದೆವು. ಅದು ಅಲ್ಲೇ ನಿಂತಿತು. ಹಾಗಾಗಿ ಹಿಂಬದಿ ಪೈಪಿನ ಇಂಜಿನ್ ತರಿಸಿ ಎಂದು ನಾನು ಕೂತು ಲೆಕ್ಕ ಬರೆದುಕೊಟ್ಟೆ. ಮಾಲೀಕರು ಅಂಥವೇ ಎರಡು ಇಂಜಿನ್ ತರಿಸಿದರು, ಜೊತೆಗೆ ಒಂದು ಬದಲಿ ಪಿಸ್ಟನ್, ಅದು ಓಡಾಡುವ ಲೈನರ್ ಕೊಳವೆ. ಅವು ಹೊರದೇಶದಿಂದ ಬರಬೇಕು, ಬರಲು ತಿಂಗಳುಗಳು ಹಿಡಿಯುತ್ತಿದ್ದವು. ಮೂರು ಸಲ ತಪ್ಪು ಮಾಡುವ ಅವಕಾಶ ಇರಲಿಲ್ಲ.

ಆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರು ನಾನು ಮತ್ತು ಮೇಸ್ತ್ರಿ ಇಬ್ಬರೇ. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಪೇಟೆಯ ಲೇತ್ ಅಂಗಡಿಗಳಲ್ಲಿ ಕಲಿತವರು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ನನ್ನ ಅಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು, ಅಮ್ಮ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ನಮ್ಮ ಎರಡೂ ಕಡೆಯ ವಂಶದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಡಿಪ್ಲೊಮಾ ಮುಗಿಸಿ ಇಲ್ಲಿ ಸೇರಿ, ಸಂಜೆ ಕಾಲೇಜಿಗೆ ಹೋಗಿ ಬಿ.ಇ. ಮಾಡಿದೆ. ಆ ವರ್ಷಗಳಲ್ಲಿ ಗಡಿಯಾರ ಐದು ಹೊಡೆದರೆ ಸಾಕು, ಮೇಸ್ತ್ರಿ ನನ್ನ ಕೈಯಿಂದ ಅರ ಕಿತ್ತುಕೊಂಡು, "ಏಳು, ಏಳು, ಬಸ್ ಹೋಗತ್ತೆ" ಎಂದು ಎಬ್ಬಿಸುತ್ತಿದ್ದರು. ನನ್ನ ಪಾಲಿನ ಉಜ್ಜುವ ಕೆಲಸವನ್ನು ಅವರೇ ಮುಗಿಸುತ್ತಿದ್ದರು. ರಿಸಲ್ಟ್ ಬಂದ ದಿನದಿಂದ ಅವರ ಬಾಯಲ್ಲಿ ನಾನು ಇಂಜಿನಿಯರಮ್ಮ. ಅದರಲ್ಲಿ ಅರ್ಧ ಗೇಲಿ, ಅರ್ಧ ಅಭಿಮಾನ.

ಹೊಸ ಪೈಪನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಗಿಸಿ ನೋಡಿದರು.

"ಏನ್ ಇಂಜಿನಿಯರಮ್ಮ, ನಿನ್ನ ಪುಸ್ತಕದಲ್ಲಿ ಇದರ ಜಾತಕ ಬರ್ದಿದೆಯಾ?"

"ಬರ್ದಿದೆ ಮೇಸ್ತ್ರಿ. ಇದರ ಉದ್ದ ಸರಿಯಿದ್ರೆ, ಒಳಗೆ ಹೋದ ಸದ್ದು ಗೋಡೆಗೆ ಬಡಿದು ವಾಪಸ್ ಬರತ್ತೆ. ಬಂದು, ಹೊರಗೆ ಓಡಿಹೋಗ್ತಿರೋ ಇಂಧನಾನ ಮತ್ತೆ ಸಿಲಿಂಡರ್ ಒಳಕ್ಕೆ ತಳ್ಳತ್ತೆ."

"ಸದ್ದು ಒಳಕ್ಕೆ ತಳ್ಳತ್ತಾ! ನಮ್ಮನೆಯೋಳ ಸದ್ದು ನನ್ನ ಹೊರಕ್ಕೆ ತಳ್ಳಿದ್ದು ಗೊತ್ತು ಕಣಮ್ಮ, ಒಳಕ್ಕೆ ಯಾವತ್ತೂ ಇಲ್ಲ."

ಕೆಲಸ ಹೀಗೆ ಹಂಚಿಕೊಂಡಿದ್ದೆವು. ಪೈಪಿನ ಉದ್ದ ನನ್ನದು, ನೀಡಲ್ ಅವರದು. ನೀಡಲ್ ಅಂದರೆ ಇಂಜಿನ್ನಿಗೆ ಎಷ್ಟು ಇಂಧನ ಹೋಗಬೇಕೆಂದು ತೀರ್ಮಾನಿಸುವ ಸಣ್ಣ ತಿರುಪು. ತಿರುಗಿಸಿದರೆ ಕ್ಲಿಕ್ ಕ್ಲಿಕ್ ಎಂದು ಒಂದೊಂದೇ ಹಲ್ಲು ದಾಟುತ್ತದೆ. ಸಡಿಲ ಬಿಟ್ಟರೆ ಇಂಧನ ಜಾಸ್ತಿ, ಇಂಜಿನ್ ಗೊರಗೊರ ಎನ್ನುತ್ತದೆ. ಬಿಗಿ ಮಾಡುತ್ತ ಹೋದರೆ ಸದ್ದು ಚೂಪಾಗುತ್ತದೆ, ವೇಗ ಏರುತ್ತದೆ. ಇನ್ನೊಂದು ಚೂರು ಬಿಗಿ ಮಾಡಿದರೆ ಇಂಧನ ಸಾಲದೆ ಒಳಗೆ ಕಾದು, ಪಿಸ್ಟನ್ ಸುಟ್ಟು ಕಚ್ಚಿಕೊಳ್ಳುತ್ತದೆ. ಇಂಧನದಲ್ಲೇ ಬೆರೆತ ಹರಳೆಣ್ಣೆಯೇ ಇಂಜಿನ್ನಿಗೆ ಜಾರೆಣ್ಣೆ. ಹಾಗಾಗಿ ಇಂಧನ ಕಡಿಮೆ ಅಂದರೆ ಎಣ್ಣೆಯೂ ಕಡಿಮೆ. ಸರಿಯಾದ ಜಾಗ ಮೂರು ನಾಲ್ಕು ಕ್ಲಿಕ್ಕಿನಷ್ಟು ಅಗಲ, ಅಷ್ಟೇ. ಅದನ್ನು ಮೇಸ್ತ್ರಿ ಕಿವಿಯಿಂದಲೇ ಹಿಡಿಯುತ್ತಾರೆ ಎಂದು ಊರಿನ ವಿಮಾನದ ಹುಚ್ಚಿನವರೆಲ್ಲ ಹೇಳುತ್ತಿದ್ದರು. ಬೇರೆಯವರ ಇಂಜಿನ್‌ಗಳೂ ಅವರ ಹತ್ತಿರ ಬರುತ್ತಿದ್ದವು.

ನನ್ನ ಬಳಿ ಟ್ಯಾಕೋಮೀಟರ್ ಇತ್ತು. ಪ್ರೊಪೆಲ್ಲರ್ ಬೆಳಕನ್ನು ಕಡಿಯುವುದನ್ನು ಎಣಿಸಿ ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವ ಪುಟ್ಟ ಡಬ್ಬಿ. ಮೇಸ್ತ್ರಿ ನೀಡಲ್ ಹೊಂದಿಸುತ್ತಿದ್ದರು, ನಾನು ಅಂಕಿ ಬರೆದುಕೊಳ್ಳುತ್ತಿದ್ದೆ.

ಇಂಜಿನ್ ಓಡಿಸಲು ನಮಗೆ ದಿನಕ್ಕೆ ಸಿಗುತ್ತಿದ್ದದ್ದು ಒಂದೇ ಗಂಟೆ. ಪಕ್ಕದ ಮನೆಯ ಅಜ್ಜಿಗೆ ಮಾಲೀಕರು ಮಾತು ಕೊಟ್ಟಿದ್ದರು. ಅವರ ಪೂಜೆ ಹನ್ನೊಂದಕ್ಕೆ ಮುಗಿಯುತ್ತಿತ್ತು, ಹನ್ನೆರಡಕ್ಕೆ ಊಟಕ್ಕೆ ಕೂರುತ್ತಿದ್ದರು. ನಡುವಿನ ಗಂಟೆ ನಮ್ಮದು. ಹನ್ನೆರಡು ಹೊಡೆದ ಮೇಲೂ ಸದ್ದಿದ್ದರೆ ಕಾಂಪೌಂಡಿನ ಮೇಲಿಂದ ತಲೆ ಕಾಣಿಸುತ್ತಿತ್ತು. "ಏನ್ರೀ ಮೇಸ್ತ್ರಿ, ನಿಮ್ಮ ದುಂಬಿಗೆ ಹೊಟ್ಟೆ ಹಸಿಯಲ್ವಾ?"

ಪೈಪಿನ ಉದ್ದವನ್ನು ಇಂಜಿನ್ನಿನ ಪ್ಲಗ್ಗಿನಿಂದ ಪೈಪಿನ ಹೊಟ್ಟೆಯ ಅತಿ ಅಗಲವಾದ ಜಾಗದವರೆಗೆ ಅಳೆಯುತ್ತಾರೆ. ಉದ್ದ ಜಾಸ್ತಿಯಿದ್ದರೆ ಇಂಜಿನ್ನಿಗೆ ಅಪಾಯವಿಲ್ಲ, ವೇಗ ಬರುವುದಿಲ್ಲ ಅಷ್ಟೆ. ತೀರಾ ಕಡಿಮೆಯಾದರೆ ಇಂಜಿನ್ ಕಾಯುತ್ತದೆ. ಆದ್ದರಿಂದ ಉದ್ದದಿಂದ ಶುರು ಮಾಡಿ, ಜೋಡಿಸುವ ಕೊಳವೆಯನ್ನು ಮೂರು ಮೂರು ಮಿಲಿಮೀಟರ್ ಕತ್ತರಿಸುತ್ತ ಬಂದೆವು. ಪ್ರತಿ ಸಲ ಕತ್ತರಿಸಿ, ಅಂಚು ತೀಡಿ, ಜೋಡಿಸಿ, ಓಡಿಸಿ, ಬರೆದುಕೊಳ್ಳಬೇಕು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಓಟ. ಹನ್ನೊಂದನೇ ಓಟದ ಹೊತ್ತಿಗೆ ಇಪ್ಪತ್ತು ಸಾವಿರದ ನಾನೂರು ಸುತ್ತು ಬಂತು. ನನ್ನ ಲೆಕ್ಕದ ಉದ್ದಕ್ಕೂ ಕತ್ತರಿಸಿ ಬಂದ ಉದ್ದಕ್ಕೂ ಎರಡೇ ಮಿಲಿಮೀಟರ್ ವ್ಯತ್ಯಾಸ. ಅವತ್ತು ಮನೆಗೆ ನಡೆದುಕೊಂಡೇ ಹೋದೆ, ಬಸ್ಸಿನಲ್ಲಿ ಕೂರುವಷ್ಟು ತಾಳ್ಮೆ ಇರಲಿಲ್ಲ.

ತೊಂದರೆ ಬಂದದ್ದು ಪೈಪನ್ನು ಹಿಡಿದುಕೊಳ್ಳುವ ಪಟ್ಟಿಯಿಂದ. ಇಂಜಿನ್ನಿನ ನಡುಕಕ್ಕೆ ಆ ಅಲ್ಯೂಮಿನಿಯಂ ಪಟ್ಟಿ ಎರಡು ಸಲ ಸೀಳಿತು. ಹಾರುವಾಗ ಸೀಳಿದರೆ ಪೈಪ್ ಕಳಚಿ ಬಿದ್ದು ವಿಮಾನವೂ ಹೋದಂತೆ. ನಾನು ಮೊಪೆಡ್‌ಗಳಿಗೆ ಹಾಕುವ ರಬ್ಬರ್ ಬುಷ್ ನಾಲ್ಕು ತಂದು, ಇಂಜಿನ್ ಕೂರುವ ಅಡಿಪಟ್ಟಿಗೂ ಅದನ್ನು ಬಿಗಿದು ಓಡಿಸುವ ಹಲಗೆಗೂ ನಡುವೆ ಹಾಕಿದೆ. ನಡುಕವೆಲ್ಲ ರಬ್ಬರಿನಲ್ಲಿ ಇಂಗಿಹೋಯಿತು. ಹಲಗೆಯ ಮೇಲಿಟ್ಟ ಲೋಟದ ನೀರು ಅಲುಗಲಿಲ್ಲ. ಮಾಲೀಕರು ಬಂದು ನೋಡಿ, "ಇದಪ್ಪಾ ಇಂಜಿನಿಯರಿಂಗ್" ಅಂದರು. ಮೇಸ್ತ್ರಿ ಹತ್ತಿರ ಬಂದರು. ಹಲಗೆಯನ್ನು ಒಂದು ಸಲ ಮುಟ್ಟಿ ನೋಡಿದರು.

ಬುಷ್ ಹಾಕಿದ ಮೇಲಿನ ಮೊದಲ ಓಟದಲ್ಲಿ ಟ್ಯಾಕೋಮೀಟರ್ ಇಪ್ಪತ್ತೊಂದು ಸಾವಿರದ ಇನ್ನೂರು ತೋರಿಸಿತು. ನಾನು ಕುಣಿದಾಡಿದೆ. ಅಂಕಿ ಏರಿದಷ್ಟೂ ಒಳ್ಳೆಯದೆಂದು ಆಗ ನನ್ನ ಬುದ್ಧಿ. ಒಂದು ನಿಮಿಷವೂ ಆಗಿರಲಿಲ್ಲ. ಸದ್ದು ಇದ್ದಕ್ಕಿದ್ದಂತೆ ಕುಗ್ಗಿ, ಕಿರ್ ಎಂದು ಪ್ರೊಪೆಲ್ಲರ್ ನಿಂತೇಬಿಟ್ಟಿತು. ಬಿಚ್ಚಿದಾಗ ಪಿಸ್ಟನ್ನಿನ ಮೈಯೆಲ್ಲ ಗೀರು.

ಬದಲಿ ಪಿಸ್ಟನ್ ಹಾಕಿದೆವು. ಇಂಧನದ ಮೇಲೆ ನನಗೆ ಅನುಮಾನ ಬಂತು. ಮಾಮೂಲ್‌ಪೇಟೆಯಿಂದ ಹೊಸ ಹರಳೆಣ್ಣೆ ತಂದು ಬೇರೆ ಡಬ್ಬದಲ್ಲಿ ಬೆರೆಸಿದೆ. ಪ್ಲಗ್ ಬದಲಾಯಿಸಿದೆ. ಪೈಪಿಗೆ ಆರು ಮಿಲಿಮೀಟರ್ ಮತ್ತೆ ಸೇರಿಸಿದೆ. ಎರಡು ಚಿಕ್ಕ ಓಟ ನಡೆಯಿತು, ಪ್ಲಗ್ಗಿನ ಮೇಲೆ ಪಿಸ್ಟನ್ನಿನಿಂದ ಕರಗಿ ಬಂದ ಅಲ್ಯೂಮಿನಿಯಂ ಚುಕ್ಕಿಗಳು ಕಂಡವು. ಮೂರನೆಯದರಲ್ಲಿ ಮತ್ತೆ ಕಿರ್.

ಮಾಲೀಕರು ಸುಟ್ಟ ಪಿಸ್ಟನ್ನನ್ನು ಬೆರಳಲ್ಲಿ ತಿರುಗಿಸುತ್ತ ನಿಂತರು. "ವಾರದಲ್ಲಿ ಎರಡು ಹೋಯ್ತು. ನಿನ್ನ ಲೆಕ್ಕ ಇಂಜಿನ್ ತಿಂತಿದೆಯಲ್ಲಮ್ಮ." ಆಮೇಲೆ ಮೇಸ್ತ್ರಿಯ ಎದುರಿಗೆ ಬಂದು ಕೇಳಿದರು, "ನೀವೇನಂತೀರಿ ಮೇಸ್ತ್ರಿ?"

ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. "ಪೈಪು ಗಿಡ್ಡ ಆಯ್ತೇನೋ ಸಾರ್. ಸೆಟ್ಟಿಂಗ್ ಸರಿಯಾಗೇ ಇತ್ತು."

"ಉಳಿದಿರೋದು ಒಂದೇ ಇಂಜಿನ್ನು. ಅದೂ ಹೋದ್ರೆ ಪಕ್ಕದ ಸೈಲೆನ್ಸರಿನದನ್ನೇ ಹಾಕಿ ಕೈ ಮುಗಿಯೋಣ," ಎಂದು ಮಾಲೀಕರು ಹೊರಟರು. ಬಾಗಿಲಲ್ಲಿ ನಿಂತು ನನಗೆ, "ಓದಿರೋದು ಬೇರೆ, ಕೈಯಲ್ಲಿ ಬರೋದು ಬೇರೆ ಕಣಮ್ಮ," ಅಂದರು.

ಆ ಮಾತು ನನ್ನನ್ನು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಏಳು ವರ್ಷ ಸಂಜೆ ಬಸ್ಸಿನಲ್ಲಿ ನಿಂತು ಓದಿದವಳು ನಾನು. ಮನೆಗೆ ಹೋಗಿ ಓಟದ ಪುಸ್ತಕವನ್ನು ಮೊದಲಿನಿಂದ ಓದಿದೆ. ಉದ್ದ, ಪ್ಲಗ್, ಪ್ರೊಪೆಲ್ಲರ್, ಇಂಧನ, ಹವೆ, ಎಲ್ಲ ಬರೆದಿದ್ದೆ. ಒಂದೊಂದನ್ನೂ ಅಡ್ಡಗೆರೆ ಎಳೆದು ಬಿಟ್ಟೆ. ಕೊನೆಗೆ ಉಳಿದದ್ದು ಒಂದೇ. ರಬ್ಬರ್ ಬುಷ್‌ಗೆ ಮೊದಲು ಹನ್ನೊಂದು ಓಟ, ಒಂದರಲ್ಲೂ ಪಿಸ್ಟನ್ ಸುಟ್ಟಿಲ್ಲ. ಬುಷ್ ಬಂದ ಮೇಲೆ ನಾಲ್ಕು ಓಟ, ಒಂದೂ ಒಳ್ಳೆಯದಿಲ್ಲ. ಆದರೆ ರಬ್ಬರು ಪಿಸ್ಟನ್ನನ್ನು ಸುಡುವುದು ಹೇಗೆ? ಯಾವ ಪುಸ್ತಕದಲ್ಲೂ ಅದಕ್ಕೆ ಉತ್ತರ ಇರಲಿಲ್ಲ.

ಮರುದಿನ ಉಳಿದಿದ್ದ ಹೊಸ ಇಂಜಿನ್ನನ್ನು ಬುಷ್ ಇಲ್ಲದೆ ನೇರವಾಗಿ ಹಲಗೆಗೆ ಬಿಗಿದೆ. ಪೈಪು ಗಿಡ್ಡವೆಂದು ಮೇಸ್ತ್ರಿ ಹೇಳಿದ್ದರೂ ಉದ್ದವನ್ನು ನನ್ನ ಲೆಕ್ಕಕ್ಕೇ ಇಟ್ಟೆ. ಮೇಸ್ತ್ರಿ ನೀಡಲ್ ಹೊಂದಿಸಿದರು. ಇಪ್ಪತ್ತು ಸಾವಿರದ ನಾನೂರು, ಎರಡು ನಿಮಿಷ, ಪ್ಲಗ್ ಸ್ವಚ್ಛ. ಆಗ ಅವರ ಎಡಗೈಯನ್ನು ಮೊದಲ ಸಲ ನೋಡಿದೆ ಅನ್ನಬೇಕು. ಬಲಗೈ ನೀಡಲ್ ಮೇಲಿತ್ತು. ಎಡಗೈಯ ನಾಲ್ಕು ಬೆರಳು ಹಲಗೆಯ ಮೇಲೆ ಅಂಟಿಕೊಂಡಂತೆ ಇದ್ದವು, ವೈದ್ಯರು ನಾಡಿ ಹಿಡಿದಂತೆ. ವರ್ಷಗಳಿಂದ ಅದು ಅಲ್ಲೇ ಇರುತ್ತಿತ್ತು. ಅದು ಅವರ ನಿಲ್ಲುವ ಭಂಗಿ ಅಂದುಕೊಂಡಿದ್ದೆ.

ಅದರ ಮರುದಿನ ಬುಷ್ ಮತ್ತೆ ಹಾಕಿದೆ. "ಮೇಸ್ತ್ರಿ, ನೀವು ನೀಡಲ್ ಮುಟ್ಟಬೇಡಿ, ಸುಮ್ನೆ ಕೇಳಿ. ನಾನು ಟ್ಯೂಬ್ ಒತ್ತಿದಾಗ ಹೇಗಾಗತ್ತೆ ಹೇಳಿ," ಅಂದೆ. ಇದು ನಮ್ಮಲ್ಲಿ ಎಲ್ಲರೂ ಮಾಡುವ ಪರೀಕ್ಷೆ. ಇಂಧನದ ಟ್ಯೂಬನ್ನು ಎರಡು ಬೆರಳಲ್ಲಿ ಒತ್ತಿ ಬಿಟ್ಟರೆ, ಇಂಧನ ಹೆಚ್ಚಿರುವ ಇಂಜಿನ್ ಒಂದು ಕ್ಷಣ ಕಿರುಚಿ ಏರುತ್ತದೆ. ಬೇಕೆಂದೇ ಇಂಧನ ಹೆಚ್ಚು ಬಿಟ್ಟಿದ್ದೆ. ಅವರ ಬೆನ್ನ ಹಿಂದಿನಿಂದ ಕೈ ಚಾಚಿ ಒತ್ತಿದೆ. ಸದ್ದು ಒಮ್ಮೆಗೇ ಚೂಪಾಗಿ ಮೇಲೆ ಹೋಯಿತು, ಟ್ಯಾಕೋಮೀಟರಿನಲ್ಲಿ ಸಾವಿರ ಸುತ್ತು ಏರಿತು. ಬಿಟ್ಟೆ. ಮತ್ತೆ ಒತ್ತಿದೆ. ಬಿಟ್ಟೆ.

ಮೇಸ್ತ್ರಿ ಹಲಗೆಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಲೇ ಇದ್ದರು. ಆಮೇಲೆ ಅಂದರು, "ಹೂಂ, ಒತ್ತಮ್ಮ."

ನಾನು ಇಂಜಿನ್ ನಿಲ್ಲಿಸಿದೆ. ಅವರು ತಿರುಗಿ ನನ್ನ ಮುಖ ನೋಡಿದರು, ನಾನು ಹಿಡಿದಿದ್ದ ಟ್ಯೂಬ್ ನೋಡಿದರು. ಅವರಿಗೆ ಅರ್ಥವಾಯಿತು.

"ಒತ್ತಿದ್ಯಾ ಆಗ್ಲೇ?"

"ಎರಡು ಸಲ."

ಅವರು ಸ್ಟೂಲ್ ಮೇಲೆ ಕೂತರು. ಸದ್ದು ಕೇಳುತ್ತದೆ, ಸದ್ದಿನೊಳಗಿನ ವ್ಯತ್ಯಾಸ ಕೇಳುವುದಿಲ್ಲ ಅಂದರು. ಎರಡು ವರ್ಷವಾಯಿತಂತೆ. ಮಾತಾಡುವವರ ಬಾಯಿ ನೋಡಿ ತಿಳಿದುಕೊಳ್ಳುತ್ತಿದ್ದರಂತೆ. ಇಂಜಿನ್ನಿನ ಗೊರಗೊರ ಎಲ್ಲಿ ನಿಂತು ನುಣುಪಾಗುತ್ತದೆ ಅನ್ನುವುದನ್ನು ಹಲಗೆಯ ನಡುಕದಿಂದ ಹಿಡಿಯುತ್ತಿದ್ದರಂತೆ. ನಾನು ತಂದ ನಾಲ್ಕು ಬುಷ್ ಆ ನಡುಕವನ್ನೇ ಕುಡಿದುಬಿಟ್ಟಿದ್ದವು. ಬೆರಳಿಗೆ ಏನಾದರೂ ತಿಳಿಯಲಿ ಎಂದು ಅವರು ಬಿಗಿ ಮಾಡುತ್ತ, ಬಿಗಿ ಮಾಡುತ್ತ ಹೋಗಿದ್ದರು.

"ಸಾರ್ ಎದುರಿಗೆ ಪೈಪು ಗಿಡ್ಡ ಅಂದ್ರಲ್ಲ ಮೇಸ್ತ್ರಿ."

"ಅಂದೆ." ತಲೆ ತಗ್ಗಿಸಿದರು. "ಇನ್ನೇನ್ ಹೇಳ್ಲಿ? ಈ ಕಿವಿ ಬಿಟ್ರೆ ನನ್ನ ಹತ್ರ ಏನಿದೆ ಹೇಳು. ನಿನ್ ಥರ ಸರ್ಟಿಫಿಕೇಟಾ?"

ಆಮೇಲೆ ತಲೆ ಎತ್ತಿ ಕೇಳಿದರು, "ಸಾರ್‌ಗೆ ಹೇಳ್ತೀಯಾ?"

ನಾನು ಪ್ಲಗ್ ಬಿಚ್ಚತೊಡಗಿದೆ.

"ಹೇಳ್ಬೇಡ ಕಣಮ್ಮ. ನಾನೇ ಹೇಳ್ತೀನಿ. ಈ ಟ್ರಯಲ್ ಒಂದು ಆಗ್ಲಿ. ಗೆದ್ದು, ಆಮೇಲೆ ನಾನಾಗೇ ಹೋಗಿ ನಿಂತ್ಕೊಂಡು ಹೇಳಿದ್ರೆ ಅದೊಂದು ಮರ್ಯಾದೆ. ಇಂಜಿನ್ ಸುಟ್ಟು ಸಿಕ್ಕಿಬಿದ್ದ ಅನ್ನಿಸ್ಕೊಂಡು ಹೋಗೋದು ಬೇಡ."

ಮಾತು ಕೊಟ್ಟೆ. ಅವರು ನನಗೆ ಮಾಡಿದ್ದಕ್ಕೆ ಅಷ್ಟಾದರೂ ಕೊಡಬೇಕಿತ್ತು.

ಈಗ ಎದುರಿಗಿದ್ದ ದಾರಿ ಎರಡು. ಬುಷ್ ತೆಗೆದರೆ ಮೇಸ್ತ್ರಿಗೆ ನೀಡಲ್ ಸಿಗುತ್ತದೆ, ಪೈಪಿನ ಪಟ್ಟಿ ಸೀಳುತ್ತದೆ. ಪಕ್ಕದ ಸೈಲೆನ್ಸರಿನ ಇಂಜಿನ್ ಹಾಕಿದರೆ ಬುಷ್ಷೇ ಬೇಡ, ಆದರೆ ವೇಗವಿಲ್ಲ. ಬುಷ್ ಬಿಡುವುದಿಲ್ಲ, ಪೈಪನ್ನೂ ಬಿಡುವುದಿಲ್ಲ, ನೀಡಲ್ ಮಾತ್ರ ಮೇಸ್ತ್ರಿಯ ಕೈಯಲ್ಲೇ ಇರಲಿ ಎಂದು ತೀರ್ಮಾನಿಸಿದೆ. ಟ್ಯಾಕೋಮೀಟರ್ ಹಿಡಿದು ನಾನು ಅವರ ಎದುರಿಗೆ ನಿಲ್ಲುವುದು. ನಾನು ಎಡಗೈಯ ಒಂದು ಬೆರಳು ಎತ್ತಿದರೆ ಒಂದು ಕ್ಲಿಕ್ ಬಿಗಿ, ಕೆಳಗೆ ತೋರಿಸಿದರೆ ಒಂದು ಕ್ಲಿಕ್ ಸಡಿಲ, ಮುಷ್ಟಿ ಹಿಡಿದರೆ ನಿಲ್ಲಿಸು. ಇಂಜಿನ್ ಎಲ್ಲಿಯವರೆಗೆ ಏರಬಲ್ಲದೋ ಅಲ್ಲಿಯವರೆಗೆ ಕ್ಷಣಮಾತ್ರ ಏರಿಸಿ, ಅಲ್ಲಿಂದ ಏಳೆಂಟು ನೂರು ಸುತ್ತು ಇಳಿಯುವಷ್ಟು ಸಡಿಲ ಬಿಡಬೇಕು. ಗಾಳಿಯಲ್ಲಿ ವೇಗ ಹಿಡಿದಾಗ ಪ್ರೊಪೆಲ್ಲರಿನ ಭಾರ ಕಡಿಮೆಯಾಗಿ ಅಷ್ಟನ್ನು ಇಂಜಿನ್ ತಾನೇ ತುಂಬಿಕೊಳ್ಳುತ್ತದೆ. ಅಂಕಿ ಏರಿದಷ್ಟೂ ಒಳ್ಳೆಯದಲ್ಲ ಅನ್ನುವುದನ್ನು ನಾನು ಕಲಿತದ್ದೂ ಆ ದಿನಗಳಲ್ಲೇ.

ಎರಡು ವಾರ ಅಭ್ಯಾಸ ಮಾಡಿದೆವು. ನನ್ನ ಕೆಲಸದ ಜೀವನದಲ್ಲಿ ಅಷ್ಟು ಚೆನ್ನಾಗಿ ನಡೆದ ಎರಡು ವಾರ ಬೇರೆ ಇಲ್ಲ. ನಾನು ಬೆರಳೆತ್ತುವ ಮೊದಲೇ ಅವರ ಕೈ ಹೊರಡುತ್ತಿತ್ತು. ಪ್ಲಗ್ಗಿನ ಬಣ್ಣ ನೋಡಿ, "ಇವತ್ತು ಗಾಳಿ ಒಣಗಿದೆ, ಒಂದು ಕ್ಲಿಕ್ ಸಡಿಲ ಇರ್ಲಿ," ಎಂದು ಅವರೇ ಹೇಳುತ್ತಿದ್ದರು, ಅದು ಸರಿಯಾಗಿರುತ್ತಿತ್ತು. ಅಜ್ಜಿ ಕಾಂಪೌಂಡಿನ ಮೇಲಿಂದ ನೋಡಿ, "ಇದೇನ್ರೀ, ದುಂಬಿಗೆ ಭರತನಾಟ್ಯ ಹೇಳಿಕೊಡ್ತಿದೀರಾ?" ಎಂದು ನಕ್ಕರು. ಮೇಸ್ತ್ರಿ ಅವರ ಬಾಯಿ ನೋಡಿ ತಿಳಿದುಕೊಂಡು, ನೀಡಲ್ ಹಿಡಿದಂತೆಯೇ ಕೈ ತಿರುಗಿಸಿ ಒಂದು ಮುದ್ರೆ ತೋರಿಸಿದರು.

ಟ್ರಯಲ್ ಒಂದು ಭಾನುವಾರ, ಊರಾಚೆಯ ಬಯಲಿನಲ್ಲಿ. ಟೆಂಪೋದಲ್ಲಿ ಹೊರಟೆವು. ವಿಮಾನದ ರೆಕ್ಕೆ ಮೇಸ್ತ್ರಿಯ ತೊಡೆಯ ಮೇಲೆ, ಒಡಲು ನನ್ನ ತೊಡೆಯ ಮೇಲೆ. ತರಬೇತಿ ಕೇಂದ್ರದಿಂದ ಒಬ್ಬ ಅಧಿಕಾರಿ ಬಂದಿದ್ದರು, ಸ್ಟಾಪ್‌ವಾಚ್ ಹಿಡಿದ ಇಬ್ಬರು ಕಂಬಗಳ ಹತ್ತಿರ ನಿಂತಿದ್ದರು. ಗಾಳಿ ಬೀಸುತ್ತಿತ್ತು. ಮೊದಲ ಹಾರಾಟಕ್ಕೆ ಮೂರು ಪಾಯಿಂಟ್ ಎಂಟು. ಇಳಿಸಿ ಪ್ಲಗ್ ನೋಡಿದೆವು, ಇಂಧನ ಹೆಚ್ಚಾಗಿತ್ತು. ನಾನು ಒಂದು ಬೆರಳೆತ್ತಿದೆ. ಮೇಸ್ತ್ರಿ ಒಂದು ಕ್ಲಿಕ್ ಬಿಗಿ ಮಾಡಿ, ನನ್ನ ಮುಖ ನೋಡಿ ಹುಬ್ಬು ಹಾರಿಸಿದರು. ಇನ್ನೊಂದು? ಇನ್ನೊಂದು ಬೆರಳೆತ್ತಿದೆ. ಆಮೇಲೆ ಮುಷ್ಟಿ.

ಎರಡನೇ ಹಾರಾಟ ಮೂರು ಪಾಯಿಂಟ್ ಐದು. ಮೂರನೆಯದು ಮೂರು ಪಾಯಿಂಟ್ ನಾಲ್ಕು. ವಿಮಾನ ಕಂಬಗಳ ನಡುವೆ ಹೋದದ್ದು ಕಣ್ಣಿಗೆ ಸಿಗಲಿಲ್ಲ, ಬಟ್ಟೆ ಹರಿದಂಥ ಸದ್ದು ಮಾತ್ರ ಸಿಕ್ಕಿತು. ಮಾಲೀಕರು ಅದನ್ನು ಇಳಿಸಿ, ರೇಡಿಯೋ ನೆಲದ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು.

ಅಧಿಕಾರಿ ನಡೆದು ಬಂದರು. ಮೊದಲು ಮೇಸ್ತ್ರಿಯ ಕೈ ಕುಲುಕಿದರು. "ನಿಮ್ಮ ಕಿವಿ ಬಗ್ಗೆ ಕೇಳಿದ್ದೆ ಮೇಸ್ತ್ರಿ, ಇವತ್ತು ನೋಡಿದೆ. ನಿಮ್ಮ ಕಿವಿಗೆ ಶರಣು." ಮೇಸ್ತ್ರಿ ಅವರ ಬಾಯಿಯನ್ನೇ ನೋಡುತ್ತ ಕೇಳಿಸಿಕೊಂಡು, ಕೈ ಮುಗಿದು, ಪೈಪಿನ ಮೇಲಿನ ಎಣ್ಣೆ ಒರೆಸಲು ಅತ್ತ ತಿರುಗಿ ಕೂತರು. ಅಧಿಕಾರಿ ನನ್ನ ಕಡೆ ತಿರುಗಿದರು.

"ನೀನೇನಮ್ಮ, ಇವರ ಹೆಲ್ಪರ್ರಾ? ಮೀಟರ್ ಹಿಡ್ಕೊಂಡು ಕೈ ಆಡಿಸ್ತಿದ್ಯಲ್ಲ? ಒಳ್ಳೇದು. ಇಂಥವರ ಹತ್ರ ಇದ್ದು ಕಲ್ತ್ಕೋ, ನಾಳೆ ಎಲ್ಲಾದ್ರೂ ಕೆಲಸ ಸಿಗತ್ತೆ."

ಅವರು ಒಳ್ಳೆಯ ಮಾತನ್ನೇ ಆಡಿದ್ದರು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಏಳು ವರ್ಷ, ಆ ಬಸ್ಸು, ಲೆಕ್ಕ ಇಂಜಿನ್ ತಿನ್ನುತ್ತಿದೆ ಅಂದದ್ದು, ಪೈಪು ಗಿಡ್ಡ ಅಂದದ್ದು, ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ಹೆಲ್ಪರ್ ಅಲ್ಲ ಸಾರ್, ನಾನು ಬಿ.ಇ. ಇಂಜಿನ್ ಆರಿಸಿದ್ದು, ಪೈಪಿನ ಲೆಕ್ಕ, ಸೆಟ್ಟಿಂಗು, ಎಲ್ಲ ನನ್ನದು. ಅವರಿಗೆ ಕಿವಿ ಕೇಳಿಸಲ್ಲ. ನಾನು ಸನ್ನೆ ಮಾಡಿದಷ್ಟು ತಿರುಗಿಸ್ತಾರೆ, ಅಷ್ಟೆ."

ಆ ಕೊನೆಯ "ಅಷ್ಟೆ" ಯಾಕೆ ಸೇರಿಸಿದೆನೋ. ಅದಿಲ್ಲದಿದ್ದರೂ ವಾಕ್ಯ ಮುಗಿಯುತ್ತಿತ್ತು.

ಮೇಸ್ತ್ರಿ ನಾಲ್ಕು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಪೈಪನ್ನು ಒರೆಸುತ್ತಲೇ ಇದ್ದರು. ಅಧಿಕಾರಿ ಅವರ ಬೆನ್ನನ್ನು ನೋಡಿದರು. ಮಾಲೀಕರು ನೋಡಿದರು. ನಾನು ಹೇಳಿದ್ದು ನಿಜವೆಂಬುದಕ್ಕೆ ಅವರಿಬ್ಬರಿಗೂ ಬೇರೆ ಸಾಕ್ಷಿ ಬೇಕಾಗಲಿಲ್ಲ, ಯಾಕೆಂದರೆ ಆ ಬೆನ್ನು ಸ್ವಲ್ಪವೂ ಅಲುಗಲಿಲ್ಲ.

"ಆರ್ಡರ್ ನಿಮ್ದೇ," ಎಂದು ಅಧಿಕಾರಿ ಮಾಲೀಕರಿಗೆ ದನಿ ತಗ್ಗಿಸಿ ಹೇಳಿದರು. ತಗ್ಗಿಸುವ ಅಗತ್ಯ ಇರಲಿಲ್ಲ. "ಆದ್ರೆ ನಮ್ಮ ಬಯಲಲ್ಲಿ ಪ್ರೊಪೆಲ್ಲರ್ ಮುಂದೆ ಅವರನ್ನ ನಿಲ್ಲಿಸ್ಬೇಡಿ. ಹಿಂದಿನಿಂದ ಕೂಗಿದ್ರೆ ಕೇಳದೇ ಇರೋರು... ನನ್ನ ತಲೆಗೆ ಬರತ್ತೆ."

ವಾಪಸ್ ಬರುವಾಗ ಮಾಲೀಕರು ಮುಂದೆ ಡ್ರೈವರ್ ಪಕ್ಕ ಕೂತರು. ಹಿಂದೆ ನಾವಿಬ್ಬರು. ಮೇಸ್ತ್ರಿ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

"ಆಫೀಸರ್ರು ನಿನ್ನ ಹತ್ರ ಏನೋ ಬಹಳ ಮಾತಾಡಿದ್ರಲ್ಲ, ಏನಂತೆ?"

ಅವರು ನನ್ನ ಬಾಯಿಯನ್ನು ನೋಡುತ್ತಿದ್ದರು. "ಆರ್ಡರ್ ನಮ್ಗೇ ಅಂದ್ರು," ಎಂದೆ.

"ಹಂಗಾದ್ರೆ ನ್ಯಾಯವಾಗಿ ಆಯ್ತು." ತೊಡೆಯ ಮೇಲಿನ ರೆಕ್ಕೆಯನ್ನು ತಟ್ಟಿದರು. "ನಾಳೆ ಬೆಳಿಗ್ಗೆ ಸಾರ್ ಹತ್ರ ಹೋಗ್ತೀನಿ ಕಣಮ್ಮ. ಏನ್ ಹೇಳ್ಬೇಕು ಅಂತ ಎಲ್ಲ ಜೋಡಿಸ್ಕೊಂಡಿದೀನಿ. ಎರಡು ವಾರದಿಂದ ದಿನಾ ಸ್ನಾನ ಮಾಡ್ವಾಗ ಹೇಳ್ಕೊಂಡು ನೋಡ್ತಿದೀನಿ. ನಮ್ಮನೆಯೋಳು, ಹೊಸ ಮಂತ್ರ ಕಲ್ತ್ರಾ ಅಂತಾಳೆ."

ಆಗ ಹೇಳಬಹುದಿತ್ತು. ಟೆಂಪೋ ಚಾಮರಾಜಪೇಟೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಹೇಳಬಹುದಿತ್ತು.

ಸೋಮವಾರ ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ಬಂದರು. ಶೆಡ್ಡಿಗೆ ಬರದೆ ನೇರ ಮಾಲೀಕರ ಕೋಣೆಗೆ ಹೋದರು. ಬಹಳ ಹೊತ್ತು ಹಿಡಿಯುತ್ತದೆ ಅಂದುಕೊಂಡಿದ್ದೆ. ನಾನು ಒಂದು ಪ್ಲಗ್ ಬಿಚ್ಚಿ ತೊಳೆದಿಡುವಷ್ಟರಲ್ಲಿ ಹೊರಗೆ ಬಂದರು. ಬಂದು ಹಲಗೆಯ ಎದುರಿನ ಸ್ಟೂಲ್ ಮೇಲೆ ಕೂತರು.

"ನಾನು ಬಾಯಿ ತೆಗೆಯೋ ಮೊದ್ಲೇ ಸಾರ್, 'ಗೊತ್ತಾಯ್ತು ಬಿಡಿ ಮೇಸ್ತ್ರಿ, ಇನ್ಮೇಲೆ ಪ್ಯಾಕಿಂಗ್ ಕಡೆ ನೋಡ್ಕೊಳ್ಳಿ' ಅಂದ್ರು. ಒಳ್ಳೇ ಮನಸ್ಸಿಂದಾನೇ ಅಂದ್ರು. ಬೆನ್ನು ತಟ್ಟಿದ್ರು."

"ಹೇಳಿದ್ದು ನಾನೇ ಮೇಸ್ತ್ರಿ. ಬಯಲಲ್ಲಿ..." ಎಂದು ಶುರು ಮಾಡಿದೆ.

"ಗೊತ್ತು. ನೀನಲ್ದೆ ಇನ್ಯಾರು?" ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನಿನ್ನ ಮೇಲೆ ತಪ್ಪು ಹೊರಿಸಿ ನಾನು ಸುಮ್ನಿದ್ದೆನಲ್ಲ. ಅದಕ್ಕೆ ಇದು. ಆದ್ರೆ ಅಷ್ಟು ಚೆನ್ನಾಗಿ ಜೋಡಿಸ್ಕೊಂಡಿದ್ದ ಮಾತು, ಅದನ್ನ ಈಗ ಯಾರಿಗೆ ಹೇಳ್ಲಿ?"

"ನನಗೆ ಹೇಳಿ," ಅಂದೆ.

ನನ್ನನ್ನೇ ನೋಡಿದರು. ಆಮೇಲೆ ಎದ್ದು ನಿಂತು ಶರ್ಟು ಸರಿಮಾಡಿಕೊಂಡರು. ಎರಡೂ ಕೈ ಮುಂದೆ ಕಟ್ಟಿಕೊಂಡು, ಕೋಣೆಯಲ್ಲಿ ಹೇಗೆ ನಿಲ್ಲಬೇಕೆಂದಿದ್ದರೋ ಹಾಗೆ ನಿಂತು, ನನ್ನ ಕಣ್ಣು ನೋಡಿಕೊಂಡು ಹೇಳಿದರು.

"ಸಾರ್, ನನಗೆ ಎರಡು ವರ್ಷದಿಂದ ಕಿವಿ ಸರಿಯಾಗಿ ಕೇಳಿಸ್ತಿಲ್ಲ. ನಿಮ್ಮಿಂದ ಮುಚ್ಚಿಟ್ಟೆ, ತಪ್ಪಾಯ್ತು. ಆ ಎರಡು ಪಿಸ್ಟನ್ ಸುಟ್ಟಿದ್ದು ನಾನು. ಪೈಪಿನ ಲೆಕ್ಕ ಸರಿಯಾಗೇ ಇತ್ತು. ಟ್ರಯಲ್ ಗೆದ್ದಿದ್ದು ಆ ಹುಡುಗಿಯಿಂದ, ನನ್ನಿಂದಲ್ಲ. ಆಫೀಸರ್ರಿಗೂ ನೀವೇ ಫೋನ್ ಮಾಡಿ ಹೇಳ್ಬೇಕು ಸಾರ್, ಇದು ಅವಳ ಕೆಲಸ ಅಂತ. ಇನ್ಮೇಲೆ ನೀಡಲ್ ಅವಳ ಕೈಗೆ ಕೊಡಿ. ನಾನೇ ಕೊಟ್ಟು ಹೋಗ್ತೀನಿ ಅಂತ ಆಸೆ."

ಹೇಳಿ ಮುಗಿಸಿ, ಕಟ್ಟಿದ್ದ ಕೈ ಬಿಟ್ಟು, "ಸರಿಯಾಗಿದೆಯಾ ಇಂಜಿನಿಯರಮ್ಮ?" ಎಂದು ಕೇಳಿದರು.

ಸರಿಯಾಗಿದೆ ಮೇಸ್ತ್ರಿ ಅಂದೆ. ಅವರಿಗೆ ತಿಳಿಯಲಿ ಎಂದು ಬಾಯಿ ಅಗಲಿಸಿ, ನಿಧಾನವಾಗಿ, ಇನ್ನೊಂದು ಸಲ ಅಂದೆ.